ಎಲ್ಲರೂ ಒಪ್ಪಿದ ಬೆಳಿಗ್ಗೆ

ಮೊನ್ನೆ ನಾದಿನಿಯ ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶಕ್ಕೆಂದು ಕಾಪುವಿಗೆ ಹೋಗಿದ್ದೆ. ಕಾರ್ಕಳದಿಂದ ಶಿರ್ವದ ಮೇಲೆ ಬರುವ ಬಸ್ಸಿನಿಂದ ಇಳಿದು ಪಡುವಣಕ್ಕೆ ನಡೆಯುತ್ತಿದ್ದಂತೆ ವಾಸನೆ ಬಂತು. ಅದು ಬೇಸಿಗೆಯ ಕಡಲಿನ ವಾಸನೆಯಲ್ಲ. ಜೂನ್ ತಿಂಗಳ ಗಾಳಿಗೆ ಕಡಲು ಅಡಿಮೇಲಾಗಿ, ತಳದ ಕೆಸರೆದ್ದು, ನೀರು ಮಣ್ಣಿನ ಬಣ್ಣಕ್ಕೆ ತಿರುಗಿದಾಗ ಬರುವ ವಾಸನೆ. ಕಾರ್ಕಳದಲ್ಲಿ ಅಕ್ಕನ ಮನೆಯಲ್ಲಿ ಇದ್ದೂ ಇದ್ದೂ ಅದನ್ನು ಮರೆತಿದ್ದೇನೆ ಎಂದುಕೊಂಡಿದ್ದೆ. ಮರೆತಿರಲಿಲ್ಲ.

ಊಟಕ್ಕೆ ಕುಳಿತಾಗ ಎದುರಿನ ಸಾಲಿನಲ್ಲಿ ಒಬ್ಬರು ಹಿರಿಯರು ಪಕ್ಕದವರಿಗೆ ಹೇಳುತ್ತಿದ್ದರು: “ನಮ್ಮ ಕಡಲಕರೆಯಲ್ಲಿ ಒಬ್ಬನ ಹಟ ನಡೆಯುವುದಿಲ್ಲ ಮಾರಾಯ್ರೆ. ಎಲ್ಲರೂ ಒಪ್ಪಿದ ಮೇಲೆಯೇ ಮುಂದಿನ ಮಾತು. ಈ ಒಗ್ಗಟ್ಟು ಈಗ ಬೇರೆ ಎಲ್ಲಿ ಉಂಟು ಹೇಳಿ?” ಪಕ್ಕದವರು ಸಾರು ಹೀರುತ್ತಾ ಹೌದು ಹೌದು ಎಂದರು.

ನಾನು ಎಲೆ ಮಡಚಿ ಎದ್ದೆ.

“ಎಂತ ಗಿರಿಜಕ್ಕ, ಪಾಯಸ ಬರ್ಲಿಕ್ಕೆ ಉಂಟು,” ಎಂದು ಬಡಿಸುವವರು ಕೂಗಿದರು. ಹೊಟ್ಟೆ ಸರಿ ಇಲ್ಲ ಎಂದೆ. ಹೊಟ್ಟೆ ಸರಿಯಾಗಿಯೇ ಇತ್ತು. ಆ ಮನುಷ್ಯನ ಎಲೆಗೆ ನೀರು ಚೆಲ್ಲಬೇಕು ಎನ್ನಿಸಿತ್ತು. ಚೆಲ್ಲಲಿಲ್ಲ. ಅವರು ಹೇಳಿದ ಆ ಒಗ್ಗಟ್ಟಿನಲ್ಲಿ ನನ್ನ ಗಂಡ ಹೇಗೆ ಸತ್ತರು ಎನ್ನುವುದನ್ನು ಈಗ ಬರೆಯುತ್ತೇನೆ. ಎಲ್ಲರೂ ತುಳುವಿನಲ್ಲಿ ಆಡಿದ ಮಾತು. ಕಾರ್ಕಳದ ಶಾಲೆಯಲ್ಲಿ ಹತ್ತನೆಯವರೆಗೆ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಲಾಕ್‌ಡೌನ್ ಮುಗಿದು ಬಸ್ಸುಗಳೆಲ್ಲ ಮೊದಲಿನ ಹಾಗೆ ಓಡಲು ಶುರುವಾದ ಮೇಲಿನ ಒಂದು ಮಳೆಗಾಲ ಅದು. ದೊಡ್ಡ ಬೋಟುಗಳಿಗೆ ಸರಕಾರದ ರಜೆ ಇರುವ ಜೂನ್, ಜುಲೈಯಲ್ಲಿ ಕಡಲಿಗೆ ಇಳಿಯುವುದು ನಮ್ಮಂಥವರ ನಾಡದೋಣಿಗಳು ಮಾತ್ರ. ತೂಫಾನು ಎದ್ದು ಕಡಲು ಕಡೆದುಹೋದ ಮೇಲೆ, ಅಲೆ ಸ್ವಲ್ಪ ಇಳಿದ ಕೂಡಲೇ, ಸಿಗಡಿ ದಡದ ಹತ್ತಿರ ಬರುತ್ತದೆ. ಆ ಕೆಲವೇ ದಿನಗಳ ಸಿಗಡಿಗೆ ಎಲ್ಲರೂ ಕಾಯುತ್ತಾರೆ. ಒಂದು ದಿನ ಮೊದಲು ಇಳಿದರೆ ಜೀವಕ್ಕೆ ಅಪಾಯ. ಒಂದು ದಿನ ತಡವಾದರೆ ಸಿಗಡಿ ಬೇರೆ ಕಡೆಯವರ ಬಲೆಗೆ ಹೋಗುತ್ತದೆ.

ಆದ್ದರಿಂದ ಇಳಿಯುವ ದಿನವನ್ನು ಒಬ್ಬರು ನಿಶ್ಚಯಿಸುವ ಹಾಗಿಲ್ಲ. ದೋಣಿ ನಡೆಸುವವನನ್ನು ನಾವು ತಂಡೇಲ ಎನ್ನುತ್ತೇವೆ. ಎಲ್ಲ ದೋಣಿಗಳ ತಂಡೇಲರು ಬೆಳಿಗ್ಗೆ ದಡದ ಚಪ್ಪರದಲ್ಲಿ ಸೇರಬೇಕು, ಕಡಲು ನೋಡಬೇಕು, ಹಿರಿಯರಿಂದ ಶುರು ಮಾಡಿ ಕಿರಿಯರವರೆಗೆ ಒಬ್ಬೊಬ್ಬರೇ ಹೇಳಬೇಕು. ಒಬ್ಬ ಬೇಡ ಎಂದರೂ ಯಾವ ದೋಣಿಯೂ ಇಳಿಯಬಾರದು. ಅದಕ್ಕೆ ಕಾರಣವೂ ಇತ್ತು. ಆ ಅಲೆಗೆ ದೋಣಿ ದೂಡಲು ಎಲ್ಲ ದೋಣಿಯವರ ಭುಜ ಬೇಕು. ಒಂದು ಮಗುಚಿದರೆ ಎತ್ತಲು ಇನ್ನೊಂದು ಹತ್ತಿರ ಇರಬೇಕು. ಹಿಂದಿನವರು ಜೀವ ಉಳಿಸಲೆಂದೇ ಮಾಡಿದ ಕ್ರಮ ಅದು. ಮದುವೆಯಾಗಿ ಬಂದ ಹೊಸತರಲ್ಲಿ ಶೇಖರ, ನನ್ನ ಗಂಡ, ಇದನ್ನು ಹೇಳಿದಾಗ ಎಷ್ಟು ಒಳ್ಳೆಯ ಕ್ರಮ ಎಂದು ನಾನೂ ಮೆಚ್ಚಿದ್ದೆ.

ತಂಡೇಲರು ಒಬ್ಬೊಬ್ಬರೂ ಒಂದೊಂದರಲ್ಲಿ ಗಟ್ಟಿ. ಎಲ್ಲರಿಗಿಂತ ಹಿರಿಯರಾದ ವಾಸಣ್ಣ ನೀರಿನ ಬಣ್ಣ ನೋಡಿ ಸಿಗಡಿ ಎಷ್ಟು ದೂರದಲ್ಲಿದೆ ಎಂದು ಹೇಳುತ್ತಿದ್ದರು. ಲೋಕೇಶನಿಗೆ ಗಾಳಿ ಗೊತ್ತು. ಅವನ ಬಾಯಿಯೂ ಗಾಳಿಯೇ, ಯಾವಾಗಲೂ ಬೀಸುತ್ತಿರುತ್ತದೆ. ಎಲ್ಲರಿಗಿಂತ ಕಿರಿಯ ದಿನೇಶ, ತಂದೆಯ ದೋಣಿಯನ್ನು ಆಗಷ್ಟೇ ಕೈಗೆ ತೆಗೆದುಕೊಂಡವನು, ಮೊಬೈಲಿನಲ್ಲಿ ಹವಾಮಾನದ ನಕಾಶೆ ನೋಡುವವನು. ಶೇಖರನಿಗೆ ಗೊತ್ತಿದ್ದದ್ದು ದಡದ ಅಲೆ. ಅವರು ಲುಂಗಿ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗೆ ಇಳಿದು ಸುಮ್ಮನೆ ನಿಲ್ಲುತ್ತಿದ್ದರು. ಹಿಂದಕ್ಕೆ ಹೋಗುವ ನೀರು ಪಾದದ ಅಡಿಯ ಮರಳನ್ನು ಹೇಗೆ ಎಳೆಯುತ್ತದೆ ಎನ್ನುವುದರಿಂದ ಮುಂದೆ ಮರಳಿನ ದಿಬ್ಬ ಎಲ್ಲಿ ಕುಳಿತಿದೆ, ಅಲೆ ಎಲ್ಲಿ ಒಡೆಯುತ್ತದೆ, ಎರಡು ದೊಡ್ಡ ಅಲೆಗಳ ನಡುವೆ ದೋಣಿ ದಾಟಿಸುವಷ್ಟು ಎಡೆ ಇದೆಯೇ ಇಲ್ಲವೇ ಎಂದು ಹೇಳುತ್ತಿದ್ದರು. ನಾನೊಮ್ಮೆ ಪಕ್ಕದಲ್ಲಿ ನಿಂತು ನೋಡಿದ್ದೆ. ನನಗೆ ಕಚಗುಳಿ ಆಯಿತೇ ಹೊರತು ಬೇರೇನೂ ತಿಳಿಯಲಿಲ್ಲ. “ನಿನ್ನ ಕಾಲು ಕಾರ್ಕಳದ ಬಂಡೆಯ ಮೇಲೆ ಬೆಳೆದದ್ದು, ಅದಕ್ಕೆ ಮರಳಿನ ಭಾಷೆ ಎಂತ ಗೊತ್ತು?” ಎಂದು ನಕ್ಕಿದ್ದರು.

ಆ ವರ್ಷ ತೂಫಾನು ಬಂದು ಹೋದ ಮೇಲೂ ಕಡಲು ಇಳಿಯಲಿಲ್ಲ. ದಿನವೂ ಚಪ್ಪರ, ದಿನವೂ ಚಾ, ದಿನವೂ ನಾಳೆ ನೋಡುವ ಎಂದು ಎದ್ದು ಬರುವುದು. ಹಾಗಿರುವಾಗ ಒಂದು ಸಂಜೆ ವಾಸಣ್ಣನ ದೋಣಿಯವರು ಬಲೆಯನ್ನು ಶೆಡ್ಡಿನಿಂದ ಹೊರಗೆ ತಂದು ಹರಡಿ ನೋಡಿದರು. ಅದನ್ನು ಕಂಡು ಲೋಕೇಶ ತನ್ನ ಬಲೆಯನ್ನು ದೋಣಿಗೆ ತುಂಬಿಸಿದ. ಅವನು ತುಂಬಿಸಿದ್ದನ್ನು ಕಂಡು ಉಳಿದವರೂ ತುಂಬಿಸಿದರು. ಕತ್ತಲಾಗುವಷ್ಟರಲ್ಲಿ ದಡದಲ್ಲಿ ಎಲ್ಲ ದೋಣಿಗಳೂ ಸಿದ್ಧವಾಗಿ ನಿಂತಿದ್ದವು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಹೆಂಗಸರು ಎಂದಿನಂತೆ ಬುಟ್ಟಿ ಹಿಡಿದು ಚಪ್ಪರದ ಹೊರಗೆ, ತೆಂಗಿನ ಮರದ ಬುಡದಲ್ಲಿ ನಿಂತಿದ್ದೆವು. ಹೆಂಗಸರು ಒಳಗೆ ಕುಳಿತುಕೊಳ್ಳುವ ಪದ್ಧತಿ ಇಲ್ಲ. ಕೇಳಿಸಿಕೊಳ್ಳಲು ಅಡ್ಡಿಯಿಲ್ಲ.

ವಾಸಣ್ಣ ಹೇಳಿದರು, “ಬಣ್ಣ ಬಂದಿದೆ. ಇಳಿಯಬಹುದು ಅಂತ ಕಾಣ್ತದೆ.”

“ಇಳಿಯುವ,” ಎಂದ ಇನ್ನೊಬ್ಬ. “ಇಳಿಯುವ,” ಎಂದ ಮತ್ತೊಬ್ಬ. ಲೋಕೇಶ, “ಗಾಳಿ ತೆಂಕಿನಿಂದ ಉಂಟು, ಆದರೂ ತೊಂದರೆ ಇಲ್ಲ. ಇನ್ನೂ ಕೂತರೆ ನಮಗೆ ಬೇರು ಬರ್ತದೆ,” ಎಂದ. ಎಲ್ಲರೂ ನಕ್ಕರು.

ಶೇಖರನ ಸರದಿ. “ಬೇಡ,” ಎಂದರು. “ದಿಬ್ಬ ಜಾಗ ಬಿಟ್ಟಿದೆ. ನಿನ್ನೆ ಇದ್ದಲ್ಲಿ ಇಲ್ಲ. ಮರಳು ಎರಡು ಕಡೆಗೆ ಎಳೀತಾ ಉಂಟು. ಎರಡು ದಿನ ಹೋಗ್ಲಿ.”

ಕೊನೆಗೆ ದಿನೇಶ. ಅವನು ಮೊಬೈಲನ್ನು ಒಮ್ಮೆ ತೆಗೆದು ನೋಡಿ ಮತ್ತೆ ಕಿಸೆಗೆ ಹಾಕಿದ. “ವಾಸಣ್ಣ ಹೇಳಿದ ಹಾಗೆ,” ಎಂದ.

ಕ್ರಮದ ಪ್ರಕಾರ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಒಬ್ಬ ಬೇಡ ಎಂದಾಗಿದೆ. ಎಲ್ಲರೂ ಎದ್ದು ಮನೆಗೆ ಹೋಗಿ ಗಂಜಿ ಉಣ್ಣಬೇಕಿತ್ತು. ಆದರೆ ಯಾರೂ ಏಳಲಿಲ್ಲ. ವಾಸಣ್ಣ, “ಇನ್ನೊಂದು ಸುತ್ತು ಕೇಳುವ,” ಎಂದರು.

ಎರಡನೆಯ ಸುತ್ತಿನಲ್ಲಿ ಯಾರೂ ಕಡಲಿನ ಮಾತು ಆಡಲಿಲ್ಲ. ಆಡಿದ್ದೆಲ್ಲ ಶೇಖರನ ಮಾತು. “ಇವನ ಕಾಲಿಗೆ ಈ ವರ್ಷ ವಾತ ಹಿಡಿದಿರಬೇಕು,” ಎಂದ ಲೋಕೇಶ. “ಇಷ್ಟು ಜನರ ಕಣ್ಣಿಗೆ ಕಾಣದ್ದು ನಿನ್ನ ಒಬ್ಬನ ಕಾಲಿಗೆ ಕಾಣ್ತದಾ?” ಎಂದ ಇನ್ನೊಬ್ಬ. ಮತ್ತೊಬ್ಬ ಸ್ವಲ್ಪ ಮೃದುವಾಗಿ, “ಶೇಖರ, ನಿನ್ನ ಒಂದು ಮಾತಿನಿಂದ ಇಷ್ಟು ಮನೆಯ ಒಲೆ ನಿಲ್ತದೆ, ಯೋಚನೆ ಮಾಡು,” ಎಂದ. ಬೈಗುಳಕ್ಕಿಂತ ಅದೇ ಹೆಚ್ಚು ತಾಗಿರಬೇಕು. ಶೇಖರ ಮತ್ತೂ ಬೇಡ ಎಂದರು. ಆದರೆ ದನಿ ಇಳಿದಿತ್ತು. ತೆಂಗಿನ ಬುಡದಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದವಳು, “ನಿನ್ನ ಯಜಮಾನ್ರಿಗೆ ಇವತ್ತು ಎಂತ ಆಗಿದೆ ಗಿರಿಜಾ?” ಎಂದು ಮೊಣಕೈಯಲ್ಲಿ ತಿವಿದಳು.

ಮೂರನೆಯ ಸುತ್ತಿನಲ್ಲಿ ಶೇಖರ, “ಎಲ್ಲರಿಗೂ ಸರಿ ಕಾಣುವುದಾದರೆ ನನ್ನದು ಅಡ್ಡಿ ಇಲ್ಲ,” ಎಂದರು.

“ಹಾಂ, ಈಗ ಒಂದೇ ಮಾತು ಆಯ್ತು,” ಎಂದರು ವಾಸಣ್ಣ. ಚಪ್ಪರದಲ್ಲಿ ಎಲ್ಲರ ಮೈ ಸಡಿಲಾಯಿತು. ಯಾರೋ ಶೇಖರನ ಬೆನ್ನು ತಟ್ಟಿದರು. ಅನಂತರ ಲೋಕೇಶ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಅಲೆಯ ಎಡೆ ಹಿಡಿಯುವುದರಲ್ಲಿ ನಿನ್ನಷ್ಟು ಗಟ್ಟಿ ಯಾರೂ ಇಲ್ಲ ಮಾರಾಯ. ನಿನ್ನ ದೋಣಿಯೇ ಮೊದಲು ಇಳಿಯಲಿ.”

ಇದನ್ನು ನೆನೆಸಿದಾಗಲೆಲ್ಲ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ಕುಳಿತು ಮಾತಾಡುವಾಗ ಅವರ ಕಾಲಿಗೆ ವಾತ. ದೋಣಿ ಇಳಿಸುವಾಗ ಅವರಷ್ಟು ಗಟ್ಟಿ ಯಾರೂ ಇಲ್ಲ. ಅವರ ತಿಳಿವಳಿಕೆ ಬೇಡವೆಂದು ಬದಿಗೆ ಸರಿಸಿದವರು ಅದೇ ತಿಳಿವಳಿಕೆಯನ್ನು ಮುಂದೆ ಮಾಡಿಕೊಂಡು ಹಿಂದೆ ನಿಂತರು.

ಅವರು ಹೇಳಿದಲ್ಲಿಯೇ ಅಲೆ ಒಡೆಯಿತು. ಮೊದಲ ಅಲೆಯನ್ನು ದೋಣಿ ಹತ್ತಿತು. ಎರಡನೆಯದು ಬದಿಯಿಂದ ಬಂತು. ದೋಣಿಯಲ್ಲಿದ್ದ ಉಳಿದವರು ಈಜಿ ದಡಕ್ಕೆ ಬಂದರು. ಶೇಖರ ಬಲೆಯ ಅಡಿಗೆ ಸಿಕ್ಕಿದ್ದರು. ಎಲ್ಲರೂ ನೀರಿಗೆ ಹಾರಿದರು, ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಲೋಕೇಶನ ಎದೆ ದೋಣಿಗೆ ಬಡಿದು ರಕ್ತ ಬಂದಿತ್ತು. ಶೇಖರ ಮರುದಿನ ಬಡಗಿನಲ್ಲಿ, ಮಟ್ಟುವಿನ ಹತ್ತಿರ ದಡಕ್ಕೆ ಬಂದರು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಚಪ್ಪರದಲ್ಲಿ ಕುಳಿತಿದ್ದವರೆಲ್ಲರೂ ಒಂದೇ ಮಾತು ಹೇಳಿದರು. ಪತ್ರಿಕೆಯವರಿಗೆ, ಪೊಲೀಸರಿಗೆ, ಹದಿಮೂರನೆಯ ದಿನದ ಕ್ರಿಯೆಗೆ, ಬೊಜ್ಜಕ್ಕೆ ಬಂದ ನೆಂಟರಿಗೆ ಅದೇ ಮಾತು. “ಎಲ್ಲರೂ ಸೇರಿ ಒಪ್ಪಿ ಮಾಡಿದ್ದು, ಯಾರನ್ನು ದೂರುವುದು?” ಒಬ್ಬರು ನನ್ನ ಎದುರಿಗೇ, “ಶೇಖರನೂ ಒಪ್ಪಿದ್ದ ಅಲ್ವಾ,” ಎಂದರು. ಅವರು ಎರಡು ಸಲ ಬೇಡ ಎಂದದ್ದು ಎಲ್ಲಿಗೆ ಹೋಯಿತು? ಎಲ್ಲರ ಕಿವಿ ಅಲ್ಲಿಯೇ ಇತ್ತು. ಕೊನೆಯ ಒಂದು ಹೌದು ಮೊದಲಿನ ಎರಡು ಬೇಡಗಳನ್ನು ತಿಂದು ಹಾಕಿತ್ತು. ನನಗೆ ಪರಿಹಾರ ಬೇಕಿರಲಿಲ್ಲ, ಸಮಾಧಾನ ಬೇಕಿರಲಿಲ್ಲ. ಶೇಖರ ಬೇಡ ಅಂದಿದ್ದ, ನಾವು ಕೇಳಲಿಲ್ಲ ಎಂದು ಅವರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕಿತ್ತು.

ಬೊಜ್ಜ ಮುಗಿದ ವಾರದಲ್ಲಿ ಹೇಳಿಸಲೆಂದೇ ಹೊರಟೆ. ಮೊದಲು ಲೋಕೇಶನ ಮನೆಗೆ. ಎದೆಗೆ ಪಟ್ಟಿ ಸುತ್ತಿಕೊಂಡು ಜಗಲಿಯಲ್ಲಿ ಕುಳಿತಿದ್ದ. ನನ್ನನ್ನು ಕಂಡು ಏಳಲು ಹೋದ.

“ಕೂತುಕೋ. ಒಂದೇ ಪ್ರಶ್ನೆ. ಆ ದಿನ ಗಾಳಿ ನೋಡಿದೆಯಲ್ಲ, ಹೋಗಬಹುದು ಅಂತ ನಿನಗೆ ಸರಿಯಾಗಿ ಕಂಡಿತ್ತಾ?”

ಅವನು ಎದೆಯ ಪಟ್ಟಿಯ ಅಂಚನ್ನು ಒಳಗೆ ಸಿಕ್ಕಿಸಿದ. “ಕಂಡಿರಲಿಲ್ಲ ಅಕ್ಕ,” ಎಂದ.

“ಮತ್ತೆ?”

“ವಾಸಣ್ಣ ಹಿಂದಿನ ದಿನವೇ ಬಲೆ ಹೊರಗೆ ಹಾಕಿದ್ರು. ಅವರಿಗೆ ಹೋಗ್ಲಿಕ್ಕೆ ಮನಸ್ಸುಂಟು ಅಂತ ಗ್ರಹಿಸಿದೆ. ಅವರಿಗೆ ಧೈರ್ಯ ಇರುವಾಗ ನಾನು ಹೆದರಿದೆ ಅಂತ ಆಗಬಾರ್ದಲ್ಲ. ಶೇಖರಣ್ಣ ಬೇಡ ಅಂದಾಗ ಒಳಗಿಂದೊಳಗೆ ಖುಷಿಯೇ ಆಯ್ತು. ಅವರು ಗಟ್ಟಿ ನಿಲ್ತಾರೆ, ನನ್ನ ಬಾಯಿ ಹೇಗೂ ಹೀಗೆಯೇ ಅಂತ...”

ನಾನು ಮುಂದೆ ಕೇಳದೆ ಎದ್ದೆ. ಅವನ ಹೆಂಡತಿ ಚಾ ತಂದಿದ್ದಳು, ಕುಡಿಯಲಿಲ್ಲ.

ದಿನೇಶ ತನ್ನ ಮನೆಯ ಹಿಂದೆ ಎಂಜಿನ್ ತೊಳೆಯುತ್ತಿದ್ದ. ಕೇಳುವ ಮೊದಲೇ ಅತ್ತ. ಮೊಬೈಲಿನ ನಕಾಶೆಯಲ್ಲಿ ಕಾಪುವಿನ ಎದುರಿನ ಕಡಲು ಪೂರಾ ಕೆಂಪಾಗಿತ್ತಂತೆ. “ಹೇಳಬಹುದಿತ್ತಲ್ಲ?” ಎಂದೆ. “ನಾನು ಕೊನೆಯವ ಗಿರಿಜಕ್ಕ. ಅಷ್ಟು ಹಿರಿಯರು ಮಾತಾಡಿ ಆದ ಮೇಲೆ ಮೊಬೈಲು ತೋರಿಸಿದರೆ ಮಂಗ ಮಾಡ್ತಿದ್ರು,” ಎಂದ. ಅದು ಸುಳ್ಳಲ್ಲ. ಮಂಗ ಮಾಡುತ್ತಿದ್ದರು.

ಕೊನೆಗೆ ವಾಸಣ್ಣ. ಅವರು ನನ್ನ ಮಾವನ ಗೆಳೆಯರು, ಶೇಖರನಿಗೆ ಹುಟ್ಟು ಹಿಡಿಯಲು ಕಲಿಸಿದವರು. “ಬಾ ಮಗಾ,” ಎಂದರು. ನಾನು ಒಳಗೆ ಹೋಗದೆ ಅಂಗಳದಲ್ಲೇ ನಿಂತು ಕೇಳಿದೆ. “ನೀವು ಹಿಂದಿನ ದಿನ ಬಲೆ ಯಾಕೆ ಹೊರಗೆ ಹಾಕಿದಿರಿ?”

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಬಲೆಯಾ? ಶೆಡ್ಡಿನಲ್ಲಿ ಇಲಿ ಬಿದ್ದಿತ್ತು. ಎಷ್ಟು ಕಡೆ ಕಡಿದಿದೆ ಅಂತ ನೋಡ್ಲಿಕ್ಕೆ ಹರಡಿದ್ದು.”

“ಹೋಗ್ಲಿಕ್ಕೆ ಅಲ್ಲವಾ?”

“ಅಲ್ಲ ಮಗಾ. ಆ ಕಡಲಿಗೆ ಯಾರು ಹೋಗ್ತಾರೆ? ಬೆಳಿಗ್ಗೆ ಬಂದು ನೋಡಿದರೆ ಹುಡುಗರೆಲ್ಲ ಬಲೆ ತುಂಬಿಸಿ ಆಗಿದೆ. ಇವರೆಲ್ಲ ಹೊರಟು ನಿಂತಿದ್ದಾರೆ, ನಾನು ಮುದುಕ ಯಾಕೆ ಅಡ್ಡ ನಿಲ್ಲುವುದು ಅಂತ ಹಾಗೆ ಹೇಳಿದೆ. ತಪ್ಪಾದರೆ ಇಷ್ಟು ಜನ ಇದ್ದಾರೆ, ಯಾರಾದರೂ ತಡೀತಾರೆ ಅಂತ.”

ತಡೆದಿದ್ದರು. ನನ್ನ ಗಂಡ ತಡೆದಿದ್ದರು. ಅದನ್ನು ಹೇಳಿದೆ, ಬಹುಶಃ ಜೀವನದಲ್ಲಿ ಮೊದಲ ಸಲ ಹಿರಿಯರೊಬ್ಬರ ಎದುರು ದನಿ ಎತ್ತಿ. “ಯಾರಿಗೂ ಹೋಗ್ಲಿಕ್ಕೆ ಮನಸ್ಸಿರಲಿಲ್ಲ ವಾಸಣ್ಣ. ನಿಮಗೂ ಇರಲಿಲ್ಲ, ಲೋಕೇಶನಿಗೂ ಇರಲಿಲ್ಲ. ಬೇಡ ಅಂತ ಹೇಳಿದ್ದು ಅವರೊಬ್ಬರೇ. ಅವರನ್ನೇ ಕೂರಿಸಿ ಮೂರು ಸುತ್ತು ಅರೆದಿರಿ.” ವಾಸಣ್ಣ ಜಗಲಿಯ ಕಂಬ ಹಿಡಿದುಕೊಂಡರು. ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಆ ದಿನಗಳಲ್ಲಿ ಯಾರ ಮೇಲೆ ಸಿಟ್ಟು ಮಾಡುವುದು ಎಂದು ತಿಳಿಯದೆ ಒದ್ದಾಡಿದೆ. ಒಬ್ಬ ಕೆಟ್ಟವನಿದ್ದರೆ ಸುಲಭವಿತ್ತು. ಕಡಲು ಬಲ್ಲವರು ಅಷ್ಟು ಮಂದಿ, ಒಬ್ಬೊಬ್ಬರಾಗಿ ಕೇಳಿದ್ದರೆ ಎಲ್ಲರೂ ಸರಿಯಾದ ಉತ್ತರವನ್ನೇ ಹೇಳುತ್ತಿದ್ದರು. ಒಟ್ಟಿಗೆ ಕುಳಿತಾಗ ಅವರು ಕಡಲು ನೋಡುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು.

ನಾನು ಮಣಿಪಾಲದ ಕೆಲವು ಮನೆಗಳಿಗೆ ಬಸ್ಸಿನಲ್ಲಿ ಮೀನು ಕೊಂಡುಹೋಗಿ ಕೊಡುತ್ತಿದ್ದೆ. ಬೊಜ್ಜದ ನಂತರ ಹೋದಾಗ, ಕಾಲೇಜಿನಲ್ಲಿ ಪಾಠ ಮಾಡುವ ಧಾರವಾಡದ ಮೇಡಂ ಕುರ್ಚಿ ಕೊಟ್ಟು ಕೂರಿಸಿ ಎಲ್ಲ ಕೇಳಿದರು. ಕೇಳಿ, “ನಮ್ಮ ಕಮಿಟಿ ಒಳಗೂ ಹಿಂಗ ಆಗ್ತದ ಗಿರಿಜಾ. ಎಲ್ಲಾರೂ ದೊಡ್ಡ ದೊಡ್ಡ ಓದಿದವ್ರು. ಹಿರೇರು ಒಂದು ಮಾತು ಅಂದ್ರಂದ್ರ ಉಳಿದವ್ರೆಲ್ಲಾ ಗೋಣು ಹಾಕೂದು. ಹೊರಗ ಬಂದ ಮ್ಯಾಲೆ, ನನಗ ಮೊದ್ಲ ಅನಿಸಿತ್ತು ಅಂತಾರ,” ಎಂದರು.

“ಆಮೇಲೆ ಎಂತ ಮಾಡ್ತೀರಿ ಮೇಡಂ?”

“ಏನ್ ಮಾಡೂದು. ಮತ್ತೊಂದು ಮೀಟಿಂಗ್ ಕರೀತಾರ.”

ಅವರು ಒಳ್ಳೆಯವರು, ನನ್ನ ದುಃಖ ಕಡಿಮೆ ಮಾಡಲೆಂದು ಹೇಳಿದ್ದು. ಬಂಗುಡೆ ಸ್ವಚ್ಛ ಮಾಡಿ ಕೊಟ್ಟು ಎದ್ದೆ. ಅವರಿಗೆ ಮತ್ತೊಂದು ಮೀಟಿಂಗ್ ಇದೆ ಎಂದು ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು.

ಜುಲೈ ಕೊನೆಯ ಹೊತ್ತಿಗೆ ಇನ್ನೊಂದು ತೂಫಾನು ಬಂದು ಹೋಯಿತು. ಶೇಖರ ಹೋದ ಮೇಲೆ ನಿಂತಿದ್ದ ದೋಣಿಗಳು ಮತ್ತೆ ಇಳಿಯಬೇಕೆಂದು ಚಪ್ಪರದಲ್ಲಿ ಸೇರುತ್ತಾರೆ ಎಂದು ಗೊತ್ತಾಯಿತು. ನಾನು ಆ ಬೆಳಿಗ್ಗೆ ತೆಂಗಿನ ಬುಡದಲ್ಲಿ ನಿಲ್ಲದೆ ಒಳಗೆ ಹೋದೆ. ಶೇಖರ ಕುಳಿತುಕೊಳ್ಳುತ್ತಿದ್ದ ಹಲಗೆಯ ಮೇಲೆ ಕುಳಿತೆ. ಯಾರೂ ಏಳು ಎನ್ನಲಿಲ್ಲ. ಮುಖ ಮಾತ್ರ ಬೇರೆ ಕಡೆ ತಿರುಗಿಸಿದರು.

“ಮಾತಾಡ್ಲಿಕ್ಕೆ ಬಂದದ್ದಲ್ಲ,” ಎಂದೆ. “ಒಂದು ಕೇಳ್ತೇನೆ. ಇವತ್ತು ಕಿರಿಯವರಿಂದ ಶುರು ಮಾಡಿ. ಒಬ್ಬ ಬೇಡ ಅಂದರೆ ಇನ್ನೊಂದು ಸುತ್ತು ಕೇಳಬೇಡಿ.”

“ಕ್ರಮ ಹಾಗೆ ಇಲ್ಲಮ್ಮ,” ಎಂದ ಒಬ್ಬ.

“ಎರಡನೇ ಸುತ್ತು ಕೇಳುವ ಕ್ರಮ ಎಲ್ಲಿ ಉಂಟು?” ಎಂದೆ. ವಾಸಣ್ಣ ತಲೆ ತಗ್ಗಿಸಿಕೊಂಡೇ, “ದಿನೇಶ, ನೀನು ಹೇಳು,” ಎಂದರು.

ದಿನೇಶ ಕಡಲು ನೋಡಿದ, ಮೊಬೈಲು ನೋಡಿದ. ನನ್ನನ್ನು ನೋಡಲಿಲ್ಲ, ಅದು ನನಗೆ ಸಮಾಧಾನವಾಯಿತು.

“ಬೇಡ,” ಎಂದ.

ಲೋಕೇಶನ ಬಾಯಿ ತೆರೆಯಿತು. ನಾನು ಅವನನ್ನೇ ನೋಡಿದೆ. ಬಾಯಿ ಮುಚ್ಚಿಕೊಂಡಿತು. ಎಲ್ಲರೂ ಎದ್ದು ಮನೆಗೆ ಹೋದರು.

ಇದನ್ನು ಇಲ್ಲಿಗೆ ನಿಲ್ಲಿಸಿದರೆ ಚಂದ ಇರುತ್ತಿತ್ತು. ಆದರೆ ಆ ದಿನ ಮಧ್ಯಾಹ್ನದ ಹೊತ್ತಿಗೆ ಗಾಳಿ ಬಿದ್ದು ಕಡಲು ಕೆರೆಯ ಹಾಗೆ ಮಲಗಿತು. ತೆಂಕು ಬದಿಯ ದಡದವರು ಇಳಿದಿದ್ದರು. ಅವರ ದೋಣಿಗಳು ಅಂಚಿನವರೆಗೆ ಸಿಗಡಿ ತುಂಬಿಸಿಕೊಂಡು ಬಂದವು. ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ನಮ್ಮವರಿಗೆ ಕಳುಹಿಸಿ ನಕ್ಕರು. ಮರುದಿನ ನಮ್ಮವರು ಇಳಿದಾಗ ಬಲೆಗೆ ಸಿಕ್ಕಿದ್ದು ಪಾಚಿ ಮತ್ತು ಏಡಿ.

ದಿನೇಶನಿಗೆ ಬೈದರು. ದಾರಿಯಲ್ಲಿ, ಚಾ ಅಂಗಡಿಯಲ್ಲಿ, ಬಲೆ ನೇಯುವಲ್ಲಿ ಬೈದರು. ಮೊಬೈಲ್ ತಂಡೇಲ ಎಂದು ಹೆಸರಿಟ್ಟರು. ಹೆಂಗಸೊಬ್ಬಳಿಗೆ ಹೆದರಿ ಊರಿನ ಸಿಗಡಿ ಕಳೆದವನು ಎಂದರು. ಮುಂದಿನ ಸಭೆ ಮತ್ತೆ ವಾಸಣ್ಣನಿಂದಲೇ ಶುರುವಾಯಿತು. ನನಗೆ ಯಾರೂ ಹೇಳಿ ಕಳುಹಿಸಲಿಲ್ಲ. ಶೇಖರ ಬೇಡ ಎಂದದ್ದನ್ನು ಎಲ್ಲರ ಎದುರು ಯಾರೂ ಕೊನೆಗೂ ಹೇಳಲಿಲ್ಲ.

ಊರು ಬಿಟ್ಟು ಕಾರ್ಕಳಕ್ಕೆ ಹೊರಡುವ ಮೊದಲು ದಿನೇಶನ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ.

“ನೋಡಿ ಗಿರಿಜಕ್ಕ, ನಿಮ್ಮಿಂದಾಗಿ ಇವರಿಗೆ ದಡದಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಇವತ್ತೂ ಬೈದು ಕಳಿಸಿದ್ದಾರೆ. ಒಳಗೆ ಕೂತಿದ್ದಾರೆ, ಊಟವೂ ಬೇಡವಂತೆ.”

ಅವಳ ಹಿಂದೆ ಒಳಗಿನ ಕತ್ತಲೆಯಲ್ಲಿ ಗೋಡೆಗೆ ಒರಗಿ ಕುಳಿತ ದಿನೇಶನ ಕಾಲು ಕಾಣುತ್ತಿತ್ತು.

“ಬೈಯಲಿ,” ಎಂದೆ. “ಬೈಸಿಕೊಳ್ಳಲಿಕ್ಕೆ ಅವ ಇದ್ದಾನಲ್ಲ.”